ಭಾನುವಾರದವರೆಗೆ ಅಳಿಸಬೇಡಿ

ಪುಟಾಣಿ ಲ್ಯಾಪ್‌ಟಾಪ್‌ಗಳು ಆಗಷ್ಟೇ ಬಂದಿದ್ದ ಕಾಲ. ನಾನು ಹಗರೆಯಲ್ಲಿ ಟೀಚರು. ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಬೇಲೂರಿಗೆ ಅಲೆದು ಸಾಕಾಗಿತ್ತು. ಅರಸೀಕೆರೆಯ ಹಳೇ ಟಿವಿ, ಮಿಕ್ಸಿ ಮಾರುವ ಅಂಗಡಿಯಲ್ಲಿ ಅಂಥ ಲ್ಯಾಪ್‌ಟಾಪ್ ಒಂದು ಅರ್ಧ ಬೆಲೆಗೆ ಕಂಡಾಗ ಜೀವ ಹಿಗ್ಗಿತು. ಒಂದು ಗೀರೂ ಇರಲಿಲ್ಲ. ಇಷ್ಟು ಅಗ್ಗ ಯಾಕೆ ಎಂದು ಕೇಳಿದೆ.

“ಗಂಡಸಿ ಊರಿನ ಕಡೆಯೋರದು ಮೇಡಂ. ಮಗಳು ತೀರ್ಕೊಂಡ್ಳು. ಅವಳ ದನಿ ಒಳಗೈತಂತೆ, ಮಾರಿದ್ಮೇಲೆ ಗೊತ್ತಾಗೈತೆ ಪಾಪ. ಭಾನುವಾರ ಬಂದು ಪೆನ್ ಡ್ರೈವಿಗೆ ಹಾಕ್ಕೊಂಡು ಹೋಗ್ತಾರೆ. ಅಲ್ಲೀಗಂಟ ಏನೂ ಅಳಿಸ್ಬೇಡಿ.”

ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು, ಮನೆಯ ವಿಳಾಸ ಬರೆದುಕೊಟ್ಟು ಕೊಂಡುಕೊಂಡು ಬಂದೆ.

ಮನೆಗೆ ಬಂದು ಜಗಲಿಯಲ್ಲೇ ತೆರೆದರೆ ಮೊದಲು ಬಂದದ್ದೇ ಆ ಹುಡುಗಿಯ ಹೆಸರು. ಅಮ್ಮ ಹೌಹಾರಿದಳು. ಹಳೇ ಪಾತ್ರೆ ಕೊಂಡರೆ ಅದರ ಮೇಲಿನ ಹೆಸರು ಉಜ್ಜಿಸಿ, ಹುಣಸೆಹಣ್ಣು ಹಾಕಿ ತೊಳೆದೇ ಒಳಗೆ ತರುವುದು ನಮ್ಮ ಮನೆಯ ಪದ್ಧತಿ.

“ಸತ್ತೋರ ಹೆಸರು ಹೊಸಿಲು ದಾಟಬಾರದು ಕಣೇ. ತೆಗೆಸಿ ಒಳಗೆ ತಾ.”

“ಇದೇನು ಬೋಗುಣಿಯಾ?” ಎಂದು ರೇಗಿದೆ. ಆದರೆ ಸುಳ್ಳು ಯಾಕೆ, ನನಗೂ ಭಯವಿತ್ತು. ತೆರೆದಾಗಲೆಲ್ಲ ಆ ಹೆಸರು ನನ್ನನ್ನೇ ಕಾಯುತ್ತಿದ್ದ ಹಾಗಿತ್ತು. ಶುಕ್ರವಾರ ಅಮ್ಮನಿಗೆ ಜ್ವರ ಬಂತು.

ಶನಿವಾರ ಸ್ಕೂಲು ಬಿಟ್ಟವಳೇ ಬೇಲೂರಿನ ಕಂಪ್ಯೂಟರ್ ಅಂಗಡಿಗೆ ಓಡಿದೆ. “ಈ ಹೆಸರು ತೆಗೆದು ನನ್ನದು ಹಾಕಿಕೊಡಿ” ಎಂದು ಹೇಳಿ ಅಮ್ಮನಿಗೆ ಮಾತ್ರೆ ತರಲು ಹೋದೆ. ಹೆಸರು ಉಜ್ಜಿದರೆ ಪಾತ್ರೆ ಎಲ್ಲಿಗೆ ಹೋಗುತ್ತದೆ? ವಾಪಸ್ಸು ಬಂದಾಗ ನನ್ನ ಹೆಸರು ಚೆಂದಾಗಿ ಕೂತಿತ್ತು.

“ಒಳಗಿದ್ದದ್ದು?”

“ಎಲ್ಲ ಕ್ಲೀನ್ ಮೇಡಂ. ಹೊಸದರ ಥರ ಮಾಡಿದ್ದೀನಿ.”

“ವಾಪಸ್ ತನ್ನಿ!”

ಗೊತ್ತಿದ್ದದ್ದನ್ನೆಲ್ಲ ಮಾಡಿ ನೋಡಿ ಅವನು ತಲೆಯಾಡಿಸಿದ. ಬಸ್ಸಿನುದ್ದಕ್ಕೂ, ಅವರು ನಾಳೆ ಬಾರದೇ ಇರಲಿ ಎಂದು ಬೇಡಿಕೊಂಡೆ. ಎಂಥ ಬೇಡಿಕೆ!

ಭಾನುವಾರ ಮೊದಲ ಬಸ್ಸಿಗೇ ಹುಡುಗಿಯ ಅಪ್ಪ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕವರು ಬಿಚ್ಚದ ಪೆನ್ ಡ್ರೈವು.

“ಅವಳು ಹಾಡೋದು ಒಂದೈತೆ, ನಂಗೆ ಬಯ್ಯೋದು ಒಂದೈತೆ ಕಣವ್ವ. ಬೀಡಿ ಸೇದ್ತೀನಿ ಅಂತ. ಹಾಡು ಸಿಗದಿದ್ರೂ ಚಿಂತಿಲ್ಲ, ಬಯ್ಯೋದು ಸಾಕು.”

ಲ್ಯಾಪ್‌ಟಾಪ್ ತೆರೆದೆ. ಅವರು ಬಗ್ಗಿ, ಅಕ್ಷರ ಅಕ್ಷರ ಕೂಡಿಸಿ ಓದಿದರು.

“ಇದು ನಿಮ್ ಹೆಸ್ರಾ?”

ಹೂಂ ಎಂದು ಎಲ್ಲವನ್ನೂ ಹೇಳಿದೆ. ಅಮ್ಮ ತಂದಿಟ್ಟ ಕಾಫಿ ಅವರ ಮುಂದೆಯೇ ಆರಿಹೋಯಿತು. ತಡೆಯಲಾಗದೆ ನಾನೇ ಅತ್ತುಬಿಟ್ಟೆ. “ಬೈದುಬಿಡಿ ನನ್ನ.”

ಅವರು ಪೆನ್ ಡ್ರೈವನ್ನು ಜೇಬಿಗೆ ಹಾಕಿಕೊಂಡು ಎದ್ದರು.

“ನಂಗೆ ಬಯ್ಯೋಕೆ ಬರಕ್ಕಿಲ್ಲ ಕಣವ್ವ. ನಮ್ಮನೇಲಿ ಬಯ್ತಾ ಇದ್ದೋಳು ಅವಳೊಬ್ಳೇ.”