ದಾರಿಬದಿಯ ಅಕ್ಷರಗಳಿಗೆ ಬಣ್ಣ ತುಂಬುವ ಅರ್ಲೀನ್

ಬೆಳಗಿನ ಐದೂಮುಕ್ಕಾಲು. ಹ್ಯಾಡ್ಲಿ ಕೌಂಟಿಯ ಹಳೇ ಗಿರಣಿ ರಸ್ತೆಯ ತಿರುವಿನಲ್ಲಿ ಬಿಳಿ ಪಿಕಪ್ ನಿಂತಿದೆ. ಅರ್ಲೀನ್ ಟ್ರಾಸ್ಕ್ ಕೋಲಿನಿಂದ ಊರಿನ ಚರಿತ್ರೆ ಹೇಳುವ ಎರಕದ ಫಲಕದ ಬೆನ್ನಿಗೆ ಎರಡು ಸಲ ತಟ್ಟಿ, ಹಿಂದೆ ಸರಿದು ಕಾಯುತ್ತಾರೆ.

“ಒಳಗೆ ಕಣಜ ಗೂಡು ಕಟ್ಟಿರ್ತಾವೆ. ಬಾಗಿಲು ತಟ್ಟದೆ ಹೋದ್ರೆ ಅವಕ್ಕೆ ಸಿಟ್ಟು ಬರುತ್ತೆ” ಎಂದು ನಗುತ್ತಾರೆ.

ಈ ದಿನ ಯಾರೂ ಹೊರಗೆ ಬರುವುದಿಲ್ಲ. ಅರವತ್ತೊಂಬತ್ತರ ಅರ್ಲೀನ್ ಉಪ್ಪುಕಾಗದ ಹಿಡಿದು ಉಜ್ಜಲು ತೊಡಗುತ್ತಾರೆ. ಇಬ್ಬನಿ ಆರುವವರೆಗೆ ಉಜ್ಜುವ ಕೆಲಸ, ಬಿಸಿಲೇರಿದ ಮೇಲೆ ಬಣ್ಣದ ಕೆಲಸ. ಮೊದಲು ಹಿನ್ನೆಲೆಗೆ ಕಡುಗಂದು, ಅದು ಒಣಗಿದ ಮೇಲೆ ಒಂದೊಂದೇ ಉಬ್ಬಕ್ಷರಕ್ಕೆ ಹೊನ್ನಿನ ಬಣ್ಣ. ಒಂದು ಫಲಕಕ್ಕೆ ನಾಲ್ಕು ದಿನ ಹಿಡಿಯುತ್ತದೆ. ನಮ್ಮ ಕೌಂಟಿಯಲ್ಲಿ ಇಂಥವು ನಲವತ್ತಮೂರು. ಎಲ್ಲವನ್ನೂ ಒಂದು ಸುತ್ತು ಮುಗಿಸುವಷ್ಟರಲ್ಲಿ ಮೊದಲಿನದು ಮತ್ತೆ ಮಾಸಿರುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಬಣ್ಣವನ್ನು ತಿನ್ನುತ್ತದೆ. ಬೇಟೆಯ ಕಾಲದಲ್ಲಿ ಗುಂಡುಗಳೂ ಬೀಳುತ್ತವೆ. “ಜಿಂಕೆ ಸಿಗದಿದ್ರೆ ಚರಿತ್ರೆಗೆ ಹೊಡೀತಾರೆ, ಪುಣ್ಯಾತ್ಮರು” ಎನ್ನುತ್ತಾರೆ ಅರ್ಲೀನ್, ತೂತಿಗೆ ಲೋಹದ ಪುಟ್ಟಿ ಮೆತ್ತುತ್ತಾ.

ಮೂವತ್ತೊಂದು ವರ್ಷ ಅವರು ಶಾಲಾ ಬಸ್ ಓಡಿಸಿದವರು. ಇದೇ ತಿರುವಿನಲ್ಲಿ ದಿನಾ ತಡವಾಗಿ ಬರುತ್ತಿದ್ದ ಒಬ್ಬ ಹುಡುಗಿಗಾಗಿ ಬಸ್ಸು ನಿಲ್ಲಿಸಿಕೊಂಡು ಕಾಯಬೇಕಿತ್ತು. ಕಾಯುತ್ತಾ ಕಾಯುತ್ತಾ ಫಲಕ ಬಾಯಿಪಾಠವಾಯಿತು. ಗಿರಣಿ ಕಟ್ಟಿದ್ದು 1846ರಲ್ಲಿ. ಬಣ್ಣ ಉದುರಿ ಎಂಟು ಮೂರಾಗಿ, 1346 ಎಂದು ಕಾಣುತ್ತಿತ್ತು. “ಮಿಸ್ ಅರ್ಲೀನ್, ಕೊಲಂಬಸ್ ಬರೋಕೆ ಮುಂಚೇನೇ ಇಲ್ಲಿ ಹಿಟ್ಟು ಬೀಸ್ತಾ ಇದ್ರಾ?” ಎಂದು ಹಿಂದಿನ ಸೀಟಿನ ಹುಡುಗರು ಕಿಚಾಯಿಸುತ್ತಿದ್ದರು. ನಿವೃತ್ತಿಯಾದ ವಾರವೇ ಕೌಂಟಿ ಕಚೇರಿಗೆ ಹೋಗಿ ಅನುಮತಿ ಕೇಳಿದರು. ಆ ಎಂಟನ್ನು ಸರಿ ಮಾಡಿ ಬಿಟ್ಟುಬಿಡುವುದು ಅವರ ಲೆಕ್ಕಾಚಾರ. ಅದಾಗಿ ಎಂಟು ವರ್ಷ. ಸಂಬಳವಿಲ್ಲ. ಮಂಡಿಗಳು ಮೊದಲಿನಂತಿಲ್ಲ.

ಅವರನ್ನು ಕಾಡಿದ ಫಲಕ ಇದಲ್ಲ, ಸೀಡರ್ ಗುಡ್ಡದ ಬುಡದಲ್ಲಿದ್ದದ್ದು. ಅದರ ಮೇಲೆ ಇದ್ದದ್ದು ಇಷ್ಟೇ: ಇಲ್ಲಿ 1871ರಿಂದ ಕಪ್ಪು ಜನರ ಮಕ್ಕಳ ಶಾಲೆ ಇತ್ತು, ಒಬ್ಬ ಶಿಕ್ಷಕಿ, ಇಪ್ಪತ್ತಾರು ಮಕ್ಕಳು. ಐದು ವರ್ಷದ ಹಿಂದೆ ಅದಕ್ಕೆ ಬಣ್ಣ ಹಚ್ಚುತ್ತಿದ್ದಾಗ ಚರ್ಚಿನಿಂದ ಹಿಂದಿರುಗುತ್ತಿದ್ದ ಕಾರೊಂದು ನಿಂತಿತು. ಇಳಿದವರು ಎಂಬತ್ತಾರರ ಹೊಸಿಯಾ ಗೇನ್ಸ್, ನಿವೃತ್ತ ಅಂಚೆಯವರು. ಟೋಪಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

“ಚೆನ್ನಾಗಿ ಹಚ್ಚಿದ್ದೀಯಮ್ಮಾ. ಆ ‘ಒಬ್ಬ ಶಿಕ್ಷಕಿ’ ಇದ್ದಾಳಲ್ಲ, ಅವಳು ನಮ್ಮಜ್ಜಿ. ಜಿಲ್ಫಾ ಗೇನ್ಸ್. ನನ್ನ ಬೆರಳು ಹಿಡ್ಕೊಂಡು ಅಕ್ಷರದ ಮೇಲೆ ಓಡಿಸ್ತಿದ್ಲು. ನಂಗಾಗ ಐದು ವರ್ಷ.”

ಅರ್ಲೀನ್ ಕುಂಚ ಕೆಳಗಿಟ್ಟರು. “ಅವತ್ತು ನಂಗೆ ನಾಚಿಕೆ ಆಯ್ತು. ಹೆಸರೇ ಇಲ್ಲದ ಸಾಲಿಗೆ ಎರಡು ಸಲ ಹೊನ್ನಿನ ಬಣ್ಣ ಬಳಿದಿದ್ದೆ. ಯಾರು ಅಂತ ಒಂದು ದಿನಾನೂ ಕೇಳಿರ್ಲಿಲ್ಲ.”

ಫಲಕಗಳನ್ನು ನೋಡಿಕೊಳ್ಳುವ ರಾಜ್ಯದ ಕಚೇರಿಗೆ ಅರ್ಲೀನ್ ಬರೆದರು. ಹೆಸರು ಸೇರಿಸಲು ಆ ಕಾಲದ ದಾಖಲೆ ಬೇಕು ಎಂಬ ಉತ್ತರ ಬಂತು. ಗೇನ್ಸ್ ಅವರ ಬಳಿ ನೆನಪಿತ್ತು, ಕಾಗದವಿರಲಿಲ್ಲ. ಎರಡು ಚಳಿಗಾಲ ಇಬ್ಬರೂ ನ್ಯಾಯಾಲಯದ ನೆಲಮಾಳಿಗೆಯಲ್ಲಿ ಪೆಟ್ಟಿಗೆ ಬಿಚ್ಚಿದರು. ಮಧ್ಯಾಹ್ನಕ್ಕೆ ಅರ್ಲೀನ್ ತಂದ ಮೆಕ್ಕೆಜೋಳದ ಬ್ರೆಡ್ಡು, ಗೇನ್ಸ್ ತಂದ ಫ್ಲಾಸ್ಕಿನ ಕಾಫಿ. ಶಾಲೆಯ ಹಾಜರಿ ಪುಸ್ತಕ ಸಿಗಲಿಲ್ಲ. ಮೊದಲ ವರ್ಷವೇ ಗೇನ್ಸ್ “ಸಾಕು ಬಿಡು, ನಂಗೆ ಗೊತ್ತಲ್ಲ, ಅಷ್ಟು ಸಾಕು” ಎಂದಿದ್ದರು. “ನಿಮಗೆ ಸಾಕು, ನಂಗೆ ಸಾಲದು” ಎಂದು ಅರ್ಲೀನ್ ಮುಂದಿನ ಪೆಟ್ಟಿಗೆ ಎಳೆದರು.

ಸಿಕ್ಕಿದ್ದು ಒಂದು ದೂರು. ಗುಡ್ಡದ ಆಚೆಯ ಏಳು ಮಂದಿ ಬಿಳಿಯ ರೈತರು 1873ರಲ್ಲಿ ಸಹಿ ಹಾಕಿ ಕೊಟ್ಟದ್ದು. ‘ಜಿಲ್ಫಾ ಗೇನ್ಸ್ ಎಂಬ ಶಿಕ್ಷಕಿ ಸೂರ್ಯ ಹುಟ್ಟುವ ಮುನ್ನ ಗಂಟೆ ಬಾರಿಸಿ ನಮ್ಮ ನಿದ್ದೆ ಕೆಡಿಸುತ್ತಾಳೆ, ಹೇಳಿದರೆ ಕೇಳುವುದಿಲ್ಲ.’

ಗೇನ್ಸ್ ಅದನ್ನು ಎರಡು ಸಲ ಓದಿ ನಗಲು ಶುರುಮಾಡಿದರಂತೆ. “ಹೇಳಿದ್ರೆ ಕೇಳಲ್ವಂತೆ! ಅದು ನಮ್ಮಜ್ಜೀನೇ, ಅನುಮಾನಾನೇ ಇಲ್ಲ. ಬೈದವರೇ ಅವಳನ್ನ ಉಳಿಸಿದ್ರು ನೋಡು.” ನಗುತ್ತಲೇ ಕಣ್ಣೀರಾದರು. ನ್ಯಾಯಾಲಯದ ಗುಮಾಸ್ತೆ ನೀರು ತಂದು ಕೊಟ್ಟರಂತೆ.

ಹೊಸ ಫಲಕ ಎರಕವಾಗಿ ಬಂತು. ಇಂಥವು ಕಾರ್ಖಾನೆಯಿಂದಲೇ ಬಣ್ಣ ಹಚ್ಚಿಸಿಕೊಂಡು ಬರುತ್ತವೆ. ಅರ್ಲೀನ್ ಮೊದಲೇ ಬರೆದು ಜಿಲ್ಫಾ ಹೆಸರಿನ ಸಾಲಿಗೆ ಮಾತ್ರ ಬಣ್ಣ ಹಚ್ಚದಂತೆ ನೋಡಿಕೊಂಡಿದ್ದರು. ನಿಲ್ಲಿಸುವ ದಿನ ಚರ್ಚಿನವರೆಲ್ಲ ಸೇರಿದ್ದರು. ಅರ್ಲೀನ್ ತಮ್ಮ ಅತಿ ಸಣ್ಣ ಕುಂಚವನ್ನು ಗೇನ್ಸ್ ಕೈಗಿತ್ತರು.

“ನನ್ನ ಕೈ ನಡುಗುತ್ತಮ್ಮಾ, ಹಾಳಾಗುತ್ತೆ.”

“ನಡುಗಲಿ, ಮಿಸ್ಟರ್ ಗೇನ್ಸ್. ಯಾರೂ ಓಡಿ ಹೋಗ್ತಿಲ್ಲ.”

ಆ ಹೆಸರಿನ ಹನ್ನೆರಡು ಇಂಗ್ಲಿಷ್ ಅಕ್ಷರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಯಾರೂ ಹೋಗಲಿಲ್ಲ. ಎರಡು ಕಡೆ ಬಣ್ಣ ಅಕ್ಷರದ ಅಂಚು ದಾಟಿ ಹರಿಯಿತು.

ಮರುವಸಂತ ಪರಿಶೀಲನೆಗೆ ಬಂದವರೊಬ್ಬರು ಅದನ್ನು ತೋರಿಸಿ, ತಿದ್ದಿಬಿಡಿ ಎಂದರು. ಅರ್ಲೀನ್ ಹೂಂ ಎಂದು ತಲೆಯಾಡಿಸಿದರು, ಆದರೆ ತಿದ್ದಲಿಲ್ಲ. ಏಕೆಂದು ಕೇಳಿದರೆ ಕೈಯೊರೆಸಿಕೊಳ್ಳುತ್ತಾ ಹೇಳುತ್ತಾರೆ:

“ನಲವತ್ತೆರಡು ಫಲಕದಲ್ಲಿ ಒಂದು ಕೂದಲೆಳೆಯಷ್ಟೂ ಬಣ್ಣ ಆಚೆ ಹೋಗಿಲ್ಲ, ಬೇಕಾದ್ರೆ ನೋಡ್ಕೊಳ್ಳಿ. ಆದ್ರೆ ಆ ಸಾಲನ್ನ ನಾನು ಮುಟ್ಟಲ್ಲ. ಒದ್ದೆ ಬಟ್ಟೇಲಿ ಒರೆಸ್ತೀನಿ, ಅಷ್ಟೆ. ಬಣ್ಣ ಮಾಸೋ ಹೊತ್ತಿಗೆ ಮಿಸ್ಟರ್ ಗೇನ್ಸ್‌ಗೆ ತೊಂಬತ್ನಾಲ್ಕೋ ತೊಂಬತ್ತೈದೋ ಆಗಿರುತ್ತೆ. ಆಗಲೂ ಅವರೇ ಹಚ್ಚಬೇಕು ಅಂತ ನನ್ನಾಸೆ. ಡಬ್ಬಿ ಹಿಡ್ಕೊಂಡು ಪಕ್ಕದಲ್ಲಿ ನಿಲ್ಲೋಕೆ ನಾನಿದ್ದೀನಲ್ಲ.”