ಹೂವಿನ ಪರದೆಯ ಅಂಚಿನ ಮರಳು

ಬೆಳಗಿನ ಐದೂವರೆ. ಬೆಳಕು ಹರಿಯಿತು ಎನ್ನಬೇಕಾದ ಹೊತ್ತು. ಆದರೆ ಬಾನ್ ಪಾಂಗ್‌ಲಾ ಹಳ್ಳಿಯಲ್ಲಿ ಈ ತಿಂಗಳು ಬೆಳಕು ಹರಿಯುವುದಿಲ್ಲ, ಬೂದಿ ಕಲಸಿದ ನೀರಿನ ಹಾಗೆ ಮೆಲ್ಲಗೆ ತಿಳಿಯಾಗುತ್ತದೆ ಅಷ್ಟೇ. ಕಂಬದ ಮೇಲೆ ನಿಂತ ಮರದ ಮನೆಯ ಕೆಳಗೆ, ಹಿಂದೆ ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ, ಕಮ್‌ನೋಯ್ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಾರೆ. ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದಾರೆ. ತೊಡೆಯ ಮೇಲೆ ದೊಡ್ಡ ದೊಡ್ಡ ಕೆಂಪು ಹೂವಿನ ಬಟ್ಟೆ ಹರಡಿದೆ. ಅವರ ಕಾಲು ಪೆಡಲಿನ ಮೇಲೆ ಆಡತೊಡಗಿದ್ದೇ ತಡ, ಮೇಲಿನ ಹಲಗೆಯ ಸಂದಿಯಿಂದ ಗಂಡಸಿನ ಸಣ್ಣ ದನಿಯೊಂದು ಇಳಿದು ಬರುತ್ತದೆ.

“ಮಳೆನಾ?”

“ಅಲ್ಲ, ಮಿಷನ್ನು. ಮಲಗಿ.”

ಕೇಳಿದ್ದು ಗಂಡ ಇಂಟಾ. ದಿನಾ ಬೆಳಿಗ್ಗೆ ಇದೇ ಪ್ರಶ್ನೆ, ಇದೇ ಉತ್ತರ. ಮೇಲೆ ಚಾಪೆಯಲ್ಲಿ ಮಲಗಿದವರಿಗೆ ಕೆಳಗಿನ ಮಿಷನ್ನಿನ ಸದ್ದು, ಎಲೆ ಹೊದಿಸಿದ ಮಾಡಿನ ಮೇಲೆ ಮೊದಲ ಹನಿಗಳು ಬಿದ್ದಂತೆಯೇ ಕೇಳುತ್ತದಂತೆ. “ಗೊತ್ತಿದ್ದೂ ಕೇಳ್ತಾರೆ ಕಣ್ರೀ,” ಎನ್ನುತ್ತಾರೆ ಕಮ್‌ನೋಯ್, ದಾರ ಹಲ್ಲಲ್ಲಿ ಕಡಿಯುತ್ತಾ. “ಒಂದು ಮಾತಾಡೋಕೆ ಎಷ್ಟು ಉಸಿರು ಬೇಕು ಅಂತ ಅವರಿಗೇ ಗೊತ್ತು. ಇರೋ ನಾಲ್ಕು ಉಸಿರನ್ನ ಇದಕ್ಕೆ ಖರ್ಚು ಮಾಡ್ತಾರೆ. ಹೇಳಿದ್ರೆ ಕೇಳೋ ಪೈಕಿಯೇ ಅಲ್ಲ.”

ಕಮ್‌ನೋಯ್ ಹೊಲಿಯುವುದು ಸೊಳ್ಳೆಪರದೆ. ಆದರೆ ಸೊಳ್ಳೆಗಲ್ಲ, ಹೊಗೆಗೆ. ಫೆಬ್ರವರಿಯಲ್ಲಿ ಗುಡ್ಡಗಳಿಗೆ ಬೆಂಕಿ ಬಿತ್ತೆಂದರೆ ಮೊದಲ ಮಳೆಯವರೆಗೂ ಲಂಪಾಂಗ್ ಸೀಮೆಯ ಈ ಕಣಿವೆಯಿಂದ ಹೊಗೆ ಕದಲುವುದಿಲ್ಲ. ಗಟ್ಟಿಮುಟ್ಟಾದವರು ಕೆಮ್ಮುತ್ತಾ, ಕಣ್ಣುಜ್ಜಿಕೊಳ್ಳುತ್ತಾ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ ಹೇಗೋ ದಾಟಿಬಿಡುತ್ತಾರೆ. ಶ್ವಾಸಕೋಶ ಕೆಟ್ಟವರ ಪಾಡು ಬೇರೆ. ಎಳೆದುಕೊಂಡ ಗಾಳಿ ಅವರಿಗೆ ಸಲೀಸಾಗಿ ಹೊರಗೆ ಬರುವುದಿಲ್ಲ, ಬಿಟ್ಟರೆ ಇನ್ನೊಂದು ಉಸಿರು ಸಿಕ್ಕೀತೆಂಬ ನೆಚ್ಚಿಕೆಯೂ ಇಲ್ಲ. ಅಂಥವರಿಗಾಗಿ ಈ ಪರದೆ. ಒತ್ತಾಗಿ ನೇಯ್ದ ಬಟ್ಟೆ. ಒಂದು ಬದಿಯಲ್ಲಿ ಅಂಗಿಯ ತೋಳಿನಂಥ ದಾರಿ. ಆ ತೋಳಿನ ಬಾಯಿಗೆ ಫ್ಯಾನು. ಫ್ಯಾನಿನ ಬೆನ್ನಿಗೆ ಹೊಗೆ ಸೋಸುವ ಬಿಳಿ ಹಾಳೆ. ಸೋಸಿದ ಗಾಳಿ ಒಳಗೆ ತುಂಬಿ ಪರದೆ ಉಬ್ಬಿ ನಿಲ್ಲುತ್ತದೆ. ಬುಡದಲ್ಲಿ ಸಂದಿ ಬಿಡಬಾರದೆಂದು ಕೆಳ ಅಂಚನ್ನು ಕೊಳವೆಯಂತೆ ಮಡಿಸಿ ಹೊಲಿದು, ಅದರೊಳಗೆ ಹೊಳೆಯ ಮರಳು ತುಂಬುತ್ತಾರೆ. ಈ ಮರಳಿನ ಉಪಾಯ ಕಮ್‌ನೋಯ್ ಅವರದೇ. ಅದನ್ನು ಹೊಗಳಿದರೆ ಈಗ ಅವರು ಮುಖ ತಿರುಗಿಸುತ್ತಾರೆ.

ಮೊದಲ ಪರದೆ ಹೊಲಿದದ್ದು ಗಂಡನಿಗೆ. ಇಂಟಾ ವಯಸ್ಸಿನಲ್ಲಿ ತಂಬಾಕಿನ ಎಲೆ ಬೇಯಿಸಿ ಒಣಗಿಸುವ ಬ್ಯಾರನ್‌ನಲ್ಲಿ ಒಲೆಗೆ ಕಟ್ಟಿಗೆ ಹಾಕುವ ಆಳು. ಕಮ್‌ನೋಯ್ ಅಲ್ಲೇ ಎಲೆ ಕಟ್ಟುತ್ತಿದ್ದವರು. ಇಬ್ಬರಿಗೂ ಮೇಸ್ತ್ರಿಯಾಗಿದ್ದವರು ಎದುರುಮನೆಯ ಅಜ್ಜಿ, ಊರೆಲ್ಲ ಉಯ್ ಪೆಂಗ್, ಅಂದರೆ ಪೆಂಗಜ್ಜಿ, ಎಂದು ಕರೆಯುವ ಬಾಯಿಬಡುಕಿ. ಹೊಗೆ ಕುಡಿದು ಕುಡಿದು ಇಂಟಾ ಅವರ ಎದೆ ಹಾಳಾಯಿತು. ಉಯ್ ಪೆಂಗ್ ಅವರದೂ ಹಾಳಾಯಿತು, ಬಾಯಿ ಮಾತ್ರ ಹಾಗೇ ಉಳಿಯಿತು. ಹಾಳಾದ ಎದೆಯೇ ಆ ಕೆಲಸ ಕೊಟ್ಟ ಕೂಲಿ ಎನ್ನಬೇಕೇನೋ! ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಪ್ರತಿ ವರ್ಷ ಕಮ್‌ನೋಯ್ ಅವರಿಗೆ ಹೇಳುವುದು ಒಂದೇ ಮಾತು, “ಮೊದಲ ಮಳೆವರೆಗೆ ದಾಟಿಸಿಬಿಡಮ್ಮ.” ಕಮ್‌ನೋಯ್ ಅವರ ಬದುಕಿಗೆ ಈಗ ಉಳಿದಿರುವುದು ಈ ಒಂದೇ ಕೆಲಸ. ಗಂಡನನ್ನು ಮಳೆಗೆ ಮುಟ್ಟಿಸಬೇಕು.

ಗಂಡನ ಪರದೆ ನೋಡಿ ಊರವರು ಒಬ್ಬೊಬ್ಬರಾಗಿ ಬಂದರು. ಕೊಡುವವರು ಕಾಸು ಕೊಡುತ್ತಾರೆ, ಆಗದವರು ಮೊಟ್ಟೆಯನ್ನೋ ಅಂಟಕ್ಕಿಯನ್ನೋ ತಂದಿಡುತ್ತಾರೆ. ಬಟ್ಟೆಯ ಬಹುಪಾಲನ್ನು ವಿಹಾರದ ಗುರುಗಳು ಭಕ್ತರಿಂದ ಎತ್ತಿಕೊಡುತ್ತಾರೆ. ಒಮ್ಮೆ ಹಾಗೆ ಬಂದ ಅಗ್ಗದ ಬಿಳಿ ಬಟ್ಟೆಯಲ್ಲಿ ಉಯ್ ಪೆಂಗ್ ಅವರಿಗೊಂದು ಹೊಲಿದು ಒಯ್ದಾಗ ಆ ಅಜ್ಜಿ ಬೀದಿ ಒಂದು ಮಾಡಿಬಿಟ್ಟರು.

“ಏನೇ ಹುಡುಗಿ, ಹೆಣಕ್ಕೆ ಹೊದಿಸೋದನ್ನ ಈಗಲೇ ಅಳತೆ ತಗೊಂಡು ಹೊಲ್ಕೊಂಡು ಬಂದ್ಯಾ? ನಾನಿನ್ನೂ ಕಣ್ಣು ಬಿಟ್ಕೊಂಡಿದೀನಿ, ಕಾಣಿಸಲ್ವಾ? ಹೂವಿಂದು ತಾ. ಕೆಂಪು ಹೂವು. ದೊಡ್ಡದಿರಲಿ!”

ಅಂದಿನಿಂದ ಈ ಊರಿನಲ್ಲಿ ಪರದೆಯೆಂದರೆ ಹೂವಿನ ಬಟ್ಟೆಯೇ. ಉಯ್ ಪೆಂಗ್ ತಮ್ಮ ಹೂವಿನ ಗುಡಾರದಲ್ಲಿ ರಾಣಿಯ ಹಾಗೆ ಕೂತು, ಬೆಳಿಗ್ಗೆ ಎದ್ದೊಡನೆ ಬೀದಿಯಾಚೆಯ ಇಂಟಾ ಅವರಿಗೆ ಕೂಗು ಹಾಕುತ್ತಿದ್ದರು. “ಇಂಟಾ, ಇದೀಯೇನೋ ಇನ್ನೂ?” ಇತ್ತ ಪರದೆಯೊಳಗಿಂದ ಉತ್ತರ, “ದೊಡ್ಡವರು ನೀವು, ಮೊದಲು ನೀವು ಹೊರಡಿ.” ಅಷ್ಟು ಕೂಗಿದ್ದಕ್ಕೆ ಇಬ್ಬರೂ ಅರ್ಧ ಗಂಟೆ ಏದುಸಿರು ಬಿಡುತ್ತಿದ್ದರು. ಆದರೂ ಒಂದು ದಿನ ತಪ್ಪಿಸಿದವರಲ್ಲ.

ಅಜ್ಜಿಗಿದ್ದ ಒಂದೇ ತಕರಾರು ಅವರ ಬೆಕ್ಕಿನದು. ಅದು ಪರದೆಯ ಅಂಚನ್ನು ಮೂತಿಯಿಂದ ಎತ್ತಿ ಒಳಗೆ ನುಗ್ಗುತ್ತಿತ್ತು, ಅದರ ಹಿಂದೆಯೇ ಹೊಗೆಯೂ ನುಗ್ಗುತ್ತಿತ್ತು. “ಇನ್ನಷ್ಟು ಮರಳು ಹಾಕೇ,” ಎಂದರು. ಕಮ್‌ನೋಯ್ ಹಾಕಿದರು. ಬೆಕ್ಕು ಮತ್ತೂ ನುಗ್ಗಿತು. ಇನ್ನೂ ತುಂಬಿದರು. ಕೊನೆಗೆ ಬೆಕ್ಕು ಸೋತಿತು. ಇಬ್ಬರು ಹೆಂಗಸರೂ ಅದನ್ನು ನೋಡಿ ನಕ್ಕಿದ್ದೇ ನಕ್ಕಿದ್ದು.

ಇಷ್ಟು ಹೇಳಿ ಕಮ್‌ನೋಯ್ ಬಟ್ಟೆಯ ಮೇಲಿಂದ ಕೈ ತೆಗೆಯುತ್ತಾರೆ. ಪೆಡಲ್ ತುಳಿಯುವುದೂ ನಿಲ್ಲುತ್ತದೆ.

ಮುಂದಿನದನ್ನು ಹೇಳಬೇಕೆಂದರೆ ಕಲ್ಲಣಬೆಯ ವಿಷಯ ಎತ್ತಬೇಕು. ಮೊದಲ ಮಳೆ ಬಿದ್ದು ನಾಲ್ಕು ದಿನಕ್ಕೆ ಗುಡ್ಡದ ನೆಲದಲ್ಲಿ ಗೋಲಿಯಂತೆ ಏಳುವ ಅಣಬೆ. ಹುಣಸೆ ಚಿಗುರು ಹಾಕಿ ಸಾರು ಮಾಡಿ, ಅಂಟಕ್ಕಿ ಅನ್ನದ ಜೊತೆ ಬಾಯಿಗಿಟ್ಟರೆ ಹಲ್ಲಿನಡಿ ಟಪ್ಪೆಂದು ಒಡೆಯುತ್ತದೆ. ಅದಕ್ಕಾಗಿ ಈ ಊರಿನವರು ಏನನ್ನೂ ಬಿಟ್ಟಾರು. ತರಗೆಲೆ ಸುಟ್ಟರೇ ಅಣಬೆ ಏಳುವುದು ಎಂಬುದು ಎಲ್ಲರ ನಂಬಿಕೆ. ಸುಡದಿದ್ದರೂ ಏಳುತ್ತದೆ, ಸುಟ್ಟರೆ ಕಣ್ಣಿಗೆ ಬೀಳುತ್ತದೆ ಅಷ್ಟೇ ಎಂದು ಅರಣ್ಯದವರು ಬಂದು ಹೇಳಿ ಹೋಗುತ್ತಾರೆ. ಜನ ತಲೆಯಾಡಿಸುತ್ತಾರೆ, ಅವರ ಜೀಪು ತಿರುವು ದಾಟಿದ ಮೇಲೆ ನಗುತ್ತಾರೆ. ಇಂಟಾ ಅಣಬೆ ಹುಡುಕುವುದರಲ್ಲಿ ಎತ್ತಿದ ಕೈ. ಅಳಿಯ ಸೆಂಗ್‌ಗೆ ಆ ವಿದ್ಯೆ ಕಲಿಸಿದವರೂ ಅವರೇ, ಬೆಂಕಿ ಇಡುವುದೂ ಸೇರಿದಂತೆ.

ಈ ವರ್ಷ ಮಾರ್ಚಿನಲ್ಲಿ ಇಂಟಾ ಊಟ ಬಿಟ್ಟರು. ಅಗಿಯಲು ಹೋದರೆ ಉಸಿರು ತಪ್ಪುತ್ತಿತ್ತು. ಮಗಳು ಪಿಂಪಾ ಗಂಜಿ ಹಿಡಿದು ಗೋಗರೆದರೆ ಪರದೆಯೊಳಗೇ ಮುಖ ತಿರುಗಿಸಿ ಅಂದದ್ದು ಒಂದೇ ಮಾತು: “ಸಾಯೋಕೆ ಮುಂಚೆ ಒಂದ್ಸಲ ಕಲ್ಲಣಬೆ ಸಾರು ತಿಂದ್ರೆ ಸಾಕು.” ಬಾಗಿಲಲ್ಲಿ ನಿಂತಿದ್ದ ಸೆಂಗ್ ಅದನ್ನು ಕೇಳಿಸಿಕೊಂಡ. ಮಾವನೆಂದರೆ ಅವನಿಗೆ ಪ್ರಾಣ. ಈ ಸಲ ಮಳೆ ಬಿದ್ದ ಕೂಡಲೇ, ಬೇರೆಯವರ ಕಣ್ಣಿಗೆ ಬೀಳುವ ಮೊದಲು, ಬುಟ್ಟಿ ತುಂಬ ತರಬೇಕೆಂದುಕೊಂಡ. ಅದಕ್ಕೆ ನೆಲ ಸುಟ್ಟಿರಬೇಕಲ್ಲ?

ಮನೆಯಲ್ಲಿ ಸೊಳ್ಳೆಬತ್ತಿಯ ಒಂದು ಪೊಟ್ಟಣವಿತ್ತು. ಪರದೆ ಬಂದ ಮೇಲೆ ಈ ಮನೆಯಲ್ಲಿ ಬತ್ತಿ, ಊದುಬತ್ತಿ, ಸುರುಟು ಒಂದನ್ನೂ ಹಚ್ಚುವಂತಿಲ್ಲ. ಕಮ್‌ನೋಯ್ ಅದನ್ನು ಅಕ್ಕಿ ಡಬ್ಬದ ಹಿಂದೆ ಎತ್ತಿಟ್ಟಿದ್ದರು. ಸೆಂಗ್ ಅದರಿಂದ ಒಂದು ಸುರುಳಿ ತೆಗೆದ. ಗುಡ್ಡದ ಒಣಗಿದ ಎಲೆಯ ಮೇಲೆ ಹಚ್ಚಿಟ್ಟು, ಬಾಲಕ್ಕೆ ಬೆಂಕಿಕಡ್ಡಿ ಸಿಕ್ಕಿಸಿ ಬಂದ. ಬತ್ತಿ ಮೆಲ್ಲಗೆ ಉರಿದು ಕಡ್ಡಿ ಮುಟ್ಟುವ ಹೊತ್ತಿಗೆ ಹಚ್ಚಿದವನು ಮನೆಯಲ್ಲಿ ಉಣ್ಣುತ್ತಾ ಕೂತಿರುತ್ತಾನೆ. ಇಲ್ಲಿ ಎಲ್ಲರೂ ಮಾಡುವುದು ಹೀಗೆಯೇ.

ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು. ಬೆಂಕಿ ಇಳಿಜಾರಿನಲ್ಲಿ ಕರೆಂಟಿನ ಕಂಬ ಹಿಡಿಯಿತು. ಊರಿನ ಫ್ಯಾನುಗಳೆಲ್ಲ ಒಟ್ಟಿಗೆ ನಿಂತವು. ಹೊಗೆ ನುಗ್ಗಿತು. ಕಮ್‌ನೋಯ್ ಕಣ್ಣೆದುರಿಗೇ ಗಂಡನ ಪರದೆ ಸೊರಗಿ ಅವರ ಮುಖದ ಮೇಲೆ ಕುಸಿಯಿತು. ಅದನ್ನು ಕಿತ್ತೆಸೆದು, ಮಗಳೂ ಅಳಿಯನೂ ತಾವೂ ಸೇರಿ ಇಂಟಾ ಅವರನ್ನು ಪಿಕಪ್ಪಿಗೆ ಹೊತ್ತು ಹಾಕಿ ಆಸ್ಪತ್ರೆಗೆ ಓಡಿಸಿದರು. ನೀಲಿಗಟ್ಟಿದ ಗಂಡನ ತುಟಿಯ ಮೇಲೇ ಅವರ ಕಣ್ಣು. ಎದುರುಮನೆಯ ನೆನಪಾದದ್ದು ಗಾಡಿ ಹೆದ್ದಾರಿ ಹತ್ತಿದ ಮೇಲೆ.

“ಮನೇಲಿ ಜನ ಇದ್ದಾರೆ ಅಂದ್ಕೊಂಡೆ,” ಎನ್ನುತ್ತಾರೆ. “ಜನ ಇರಲಿಲ್ಲ. ಎಲ್ಲರೂ ಕುಂಟೆ ಹಿಡ್ಕೊಂಡು ಬೆಂಕಿ ಆರಿಸೋಕೆ ಓಡಿದ್ರು.”

ಸಂಜೆ ಬಂದ ಸೊಸೆ ಪರದೆ ಎತ್ತಿದಾಗ ಉಯ್ ಪೆಂಗ್ ಚಾಪೆಯ ತುದಿಯವರೆಗೆ ತೆವಳಿದ್ದರು. ಎರಡೂ ಕೈ ಪರದೆಯ ಅಂಚನ್ನು ಹಿಡಿದಿದ್ದವು. ಬೆಕ್ಕಿಗೆಂದು ತುಂಬಿದ ಮರಳನ್ನು ಎತ್ತಲು ಆ ಕೈಗಳಲ್ಲಿ ಬಲವಿರಲಿಲ್ಲ. ಬೆಕ್ಕು ಹೊರಗೆ, ಅದೇ ಅಂಚಿನ ಪಕ್ಕ, ಕೂತಿತ್ತಂತೆ.

ಅಜ್ಜಿಯ ಮನೆಯವರು ಒಂದು ಬೈಗುಳದ ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಕಮ್‌ನೋಯ್. ಬದಲಿಗೆ ಸೊಸೆ ಬಂದು, ಹೂವಿನ ಪರದೆಯನ್ನೇ ಅತ್ತೆಗೆ ಹೊದಿಸುತ್ತೇವೆ, ಬಿಳಿಯದು ಅವರಿಗೆ ಆಗುತ್ತಿರಲಿಲ್ಲ ಎಂದಳು. ಅಂಚು ಬಿಚ್ಚಿ ಮರಳು ಸುರಿದು ಕೊಟ್ಟದ್ದು ಕಮ್‌ನೋಯ್ ಅವರೇ. ಆ ಮರಳು ಇನ್ನೂ ಅವರ ಮೆಟ್ಟಿಲ ಬುಡದಲ್ಲಿ ಗುಡ್ಡೆಯಾಗಿ ಬಿದ್ದಿದೆ. ಯಾರೂ ತುಳಿಯುವುದಿಲ್ಲ, ಯಾರೂ ಎತ್ತುವುದಿಲ್ಲ.

ಸೊಳ್ಳೆಬತ್ತಿಯ ಪೊಟ್ಟಣ ಒಡೆದಿರುವುದು ಅವರ ಕಣ್ಣಿಗೆ ಬಿದ್ದದ್ದು ಅಂತ್ಯಕ್ರಿಯೆ ಮುಗಿದ ಮೇಲೆ. ಸೆಂಗ್‌ನನ್ನು ಕರೆದರು. ಅವನು ಪೊಟ್ಟಣ ನೋಡಿದ್ದೇ ಅವರ ಕಾಲ ಬಳಿ ಬಂದು ಕೂತ. “ಅಪ್ಪ ಒಂದ್ಸಲ ತಿನ್ಬೇಕು ಅಂದ್ರಲ್ಲಮ್ಮ,” ಅಂದ. ಅಷ್ಟೇ. ಕಮ್‌ನೋಯ್ ಕೆನ್ನೆಗೆ ಬಾರಿಸಿದರು. ಆಮೇಲೆ ಅವನ ತಲೆ ಹಿಡಿದುಕೊಂಡು ತಾವೂ ಅತ್ತರು. ಬೈಯೋಣವೆಂದರೆ ಬೆಂಕಿ ಇಡಲು ಕಲಿಸಿದ ಗಂಡ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾರೆ, ಮರಳು ತುಂಬಿದ ಕೈ ತಮ್ಮದೇ. ಯಾರನ್ನಂತ ಬೈಯುವುದು? ಸೆಂಗ್ ತಾನೇ ಹೋಗಿ ಅಜ್ಜಿಯ ಮಗನ ಕಾಲು ಹಿಡಿದ. ಆ ಮಗ, “ನಾನೂ ಆಚೆ ಗುಡ್ಡಕ್ಕೆ ಇಟ್ಟಿದ್ದೆ ಕಣೋ,” ಎಂದಷ್ಟೇ ಹೇಳಿ ಒಳಗೆ ಹೋದನಂತೆ.

ಕಮ್‌ನೋಯ್ ಹೊಲಿಯುವುದನ್ನು ಬಿಟ್ಟಿಲ್ಲ. ಬಿಡುವುದಾದರೂ ಹೇಗೆ? ಊರಲ್ಲಿ ಹನ್ನೊಂದು ಜನ ಇನ್ನೂ ಪರದೆಯೊಳಗೆ ಇದ್ದಾರೆ. ಸೋಸುವ ಹಾಳೆ ವಾರ ತುಂಬುವುದರೊಳಗೆ ಬಾಣಲೆಯ ತಳದಷ್ಟು ಕಪ್ಪಾಗುತ್ತದೆ. ಆದರೆ ಈಗ ಪ್ರತಿ ಪರದೆಗೂ, ಮಲಗಿದವರ ಕೈಗೆ ಎಟಕುವ ಕಡೆ, ಒಂದು ಸೀಳು ಬಿಡುತ್ತಾರೆ. ಹಳೇ ಪರದೆಗಳನ್ನೂ ಮನೆಮನೆಗೆ ಹೋಗಿ ಸೀಳಿ ಬಂದಿದ್ದಾರೆ. ಒಂದು ಬಟ್ಟೆಯ ಮೇಲೆ ಇನ್ನೊಂದು ಬರುವಂತೆ ಮಡಿಸಿದ, ಗುಂಡಿಯಿಲ್ಲದ, ದಾರವಿಲ್ಲದ ಬರೀ ಸೀಳು. ಗಾಳಿ ಸೋರುತ್ತದೆ. ಪರದೆ ಮೊದಲಿನಷ್ಟು ಉಬ್ಬುವುದಿಲ್ಲ. ಹೊಗೆಯೂ ಸ್ವಲ್ಪ ನುಸುಳುತ್ತದೆ, ಮಲಗಿದವರು ಮೊದಲಿಗಿಂತ ಹೆಚ್ಚು ಕೆಮ್ಮುತ್ತಾರೆ. ಅದು ಅವರಿಗೆ ಗೊತ್ತು.

“ಸಂದಿ ಇಲ್ಲದೆ ಹೊಲಿಯೋದು ನಂಗೆ ಬರುತ್ತೆ,” ಎನ್ನುತ್ತಾರೆ. “ಅಷ್ಟು ಚೆನ್ನಾಗಿ ಹೊಲಿಯಬಾರದು. ಕೈ ಹೊರಗೆ ಬರಬೇಕು.”

ಆಸ್ಪತ್ರೆಯಲ್ಲಿದ್ದ ಇಂಟಾ ಅವರಿಗೆ ಯಾರೂ ಏನೂ ಹೇಳಲಿಲ್ಲ. ಮನೆಗೆ ಬಂದ ಮೊದಲ ಬೆಳಿಗ್ಗೆ ಎದುರುಮನೆಯ ಕೂಗು ಬರಲಿಲ್ಲ. ಉಯ್ ಪೆಂಗ್ ಮಗಳ ಮನೆಗೆ, ಹೊಗೆಯಿಲ್ಲದ ದಕ್ಷಿಣದ ಕಡಲೂರಿಗೆ ಹೋಗಿದ್ದಾರೆ ಎಂದರು ಕಮ್‌ನೋಯ್. ಇಂಟಾ ಹೂಂ ಎಂದರು. ಅಲ್ಲಿಂದಾಚೆಗೆ ಒಮ್ಮೆಯೂ ಕೇಳಿಲ್ಲ.

ಏಪ್ರಿಲ್ ಮುಗಿಯುತ್ತಾ ಬಂದಿದೆ. ಹೊಸವರ್ಷಕ್ಕೆ ಒಬ್ಬರಿಗೊಬ್ಬರು ನೀರೆರಚುವ ಹಬ್ಬವೂ ಆಯಿತು, ಮೋಡ ಮಾತ್ರ ಕಟ್ಟಿಲ್ಲ. ಇಂಟಾ ಈಗ ಕೂರಲಾರರು. ಬೆನ್ನಿಗೆ ಮೂರು ದಿಂಬು ಕೊಟ್ಟು ಒರಗಿಸಿದ್ದಾರೆ. ಹೋದ ವಾರ ಡಾಕ್ಟರು ಮನೆಗೇ ಬಂದು ನೋಡಿ ಹೋದರು. ಈ ಸಲ ಅವರು ಮಳೆಯ ಮಾತೆತ್ತಲಿಲ್ಲ. ಸೆಂಗ್‌ನ ಅಣಬೆ ಬುಟ್ಟಿ ಮೆಟ್ಟಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಅವನು ಅದರ ಕಡೆ ನೋಡುವುದಿಲ್ಲ.

ಮಳೆ ಬಂದರೆ ಸುಟ್ಟ ಆ ಗುಡ್ಡದಲ್ಲಿ ಅಣಬೆ ಏಳುವುದು ಖಂಡಿತ. ಆ ಅಣಬೆಯನ್ನು ಏನು ಮಾಡುತ್ತೀರಿ ಎಂದು ಕೇಳಿದರೆ ಕಮ್‌ನೋಯ್ ತುಂಬ ಹೊತ್ತು ಬಾಬಿನ್ನಿಗೆ ದಾರ ಸುತ್ತುತ್ತಾರೆ.

“ಒಲೆ ಮೇಲೆ ಇಡಲ್ಲ ಅಂತ ಆಣೆ ಮಾಡ್ಕೊಂಡಿದ್ದೆ. ಮೊನ್ನೆ ಇವರು ಕರೆದ್ರು. ಸೀಳಲ್ಲಿ ಕೈ ಹೊರಗೆ ಹಾಕಿ ನನ್ನ ಕೈ ಹಿಡ್ಕೊಂಡು, ‘ಸಾರು ಮಾಡಿದ ದಿನ ಉಯ್ ಪೆಂಗ್‌ಗೂ ಒಂದು ಬಟ್ಟಲು ಎತ್ತಿಡು’ ಅಂದ್ರು. ಗೊತ್ತಾಗಿ ಅಂದ್ರೋ, ಗೊತ್ತಿಲ್ಲದೆ ಅಂದ್ರೋ. ಕೇಳೋ ಧೈರ್ಯ ನಂಗಿಲ್ಲ.” ಅವರು ಕಣ್ಣೊರೆಸಿಕೊಳ್ಳುವುದಿಲ್ಲ, ಹೊಗೆಗೆ ಎಲ್ಲರ ಕಣ್ಣಲ್ಲೂ ನೀರೇ. “ಮಾಡ್ತೀನಿ. ಇವರಿಗೊಂದು ಬಟ್ಟಲು. ಸತ್ತವರಿಗೆ ಮುಟ್ಟಿಸೋ ಊಟ ಗುರುಗಳ ಕೈಗೆ ಕೊಡ್ತೀವಲ್ಲ, ಹಾಗೆ ಉಯ್ ಹೆಸರಲ್ಲಿ ಒಂದು ಬಟ್ಟಲು. ಅಜ್ಜಿಗೂ ಅದಂದ್ರೆ ಪ್ರಾಣ. ಇವರು ಅಲ್ಲೀವರೆಗೆ ಇರಲಿ, ಅಷ್ಟೇ. ನಾನು ಮಾತ್ರ ತಿನ್ನಲ್ಲ.”

ಮತ್ತೆ ಪೆಡಲ್ ತುಳಿಯುತ್ತಾರೆ. ಕೆಂಪು ಹೂವಿನ ಬಟ್ಟೆ ಸೂಜಿಯಡಿ ಸರಿಯುತ್ತದೆ. ಮೇಲೆ ಒಂದು ಕೆಮ್ಮು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕಮ್‌ನೋಯ್ ಕಾಲು ನಿಲ್ಲಿಸಿ, ತಲೆಯೆತ್ತಿ, ಹಲಗೆಯ ಸಂದಿಯನ್ನೇ ನೋಡುತ್ತಾ ಕಾಯುತ್ತಾರೆ.

“ಮಳೆನಾ?”

“ಅಲ್ಲ,” ಎನ್ನುತ್ತಾರೆ ಕಮ್‌ನೋಯ್, ಉಸಿರು ಬಿಟ್ಟು. “ನಾಳೆ ಮತ್ತೆ ಕೇಳಿ.”