ಬೇವಿನ ಕೈಯ ಕುರ್ಚಿ

ಬ್ಯಾಡಗಿಯ ನಮ್ಮ ಓಣಿಯಲ್ಲಿದ್ದ ಬಡಿಗ ಮಿಸ್ತ್ರಿಯವರು ಸೊಟ್ಟ ಕೊಂಬೆ ಸಿಕ್ಕರೆ ಖುಷಿಪಡುತ್ತಿದ್ದರು. ಗರಗಸ ಹಚ್ಚಲು ಅವಸರ ಮಾಡಿದವರಿಗೆ ಅವರದು ಒಂದೇ ಮಾತು: "ತಡೀರಿ, ಸ್ವಲ್ಪ ನೋಡೂಣು."

ಎಂಬತ್ತರ ದಶಕದಲ್ಲಿ ನಮ್ಮವ್ವನಿಗೆ ಮೊಣಕಾಲು ನೋವು ಹೆಚ್ಚಾಯಿತು. ಕುಳಿತರೆ ಯಾರಾದರೂ ಎಬ್ಬಿಸಬೇಕು. ಆ ನಾಚಿಕೆಗೆ ಅವ್ವ ನಿಂತೇ ಇರುತ್ತಿದ್ದಳು. ಅಂಗಳದ ಬೇವಿನಮರದ ಕಟ್ಟೆಯಿಂದ ಮಾತ್ರ, ಮರದ ಬಾಗಿದ ಕೊಂಬೆ ಹಿಡಿದು ತಾನೇ ಏಳುತ್ತಿದ್ದಳು.

ಶಾಲೆಯ ಮಾಸ್ತರನಾದ ನಾನು ಅಳತೆಪಟ್ಟಿ ಹಿಡಿದು ಅವ್ವನಿಗೊಂದು ಕುರ್ಚಿಯ ನಕ್ಷೆಯನ್ನು ಮಿಸ್ತ್ರಿಗೆ ಬರೆದುಕೊಟ್ಟೆ. ಮರುದಿನ ಮಿಸ್ತ್ರಿ ಆ ನಕ್ಷೆಯ ಹಾಳೆಯಲ್ಲೇ ಮಿರ್ಚಿ ಭಜಿ ಕಟ್ಟಿಕೊಂಡು ಮನೆಗೆ ಬಂದರು; ಕಟ್ಟೆಯ ಎದುರು ಕುಕ್ಕರಗಾಲಲ್ಲಿ ಕುಳಿತು, ಭಜಿ ತಿನ್ನುತ್ತ, ಅವ್ವ ಏಳುವುದನ್ನೇ ನೋಡಿದರು.

ಹದಿನೈದು ದಿನಕ್ಕೆ ಕುರ್ಚಿ ಬಂತು. ಅದರ ಎರಡೂ ಕೈ ಬಾಗಿದ ಬೇವಿನ ಕೊಂಬೆಗಳು, ಗಂಟು ಸಹಿತ ನುಣುಪಾಗಿದ್ದವು.

"ಒಂದು ಮ್ಯಾಲ, ಒಂದು ಕೆಳಗ ಐತಲ್ರಿ!" ಎಂದೆ.

"ಅವ್ವಾರು ಬಲಗೈ ಮ್ಯಾಲ ಹಿಡದ ಏಳ್ತಾರ್ರಿ ಮಾಸ್ತರ. ನಿಮ್ಮ ಪಟ್ಟಿಗೆ ಅದು ಗೊತ್ತಿಲ್ಲ."

ಅವ್ವ ಕುಳಿತಳು, ಗಂಟು ಹಿಡಿದು ಎದ್ದಳು. ಮತ್ತೆ ಕುಳಿತು ಮತ್ತೆ ಎದ್ದಳು, ಹುಡುಗಿಯಂತೆ ನಕ್ಕಳು. "ಮಿಸ್ತ್ರಿ, ಈಗ ನೀವು ಇದರಾಗ ಕುಂದ್ರಿ. ಚಾ ನಾನ ಮಾಡಿ ತರ್ತೀನಿ."

ನೆರವಿಗೆಂದು ನಾನು ಹಿಂದೆಯೇ ಹೊರಟೆ. ಮಿಸ್ತ್ರಿ ನನ್ನ ತೋಳು ಹಿಡಿದರು: "ತಡೀರಿ ಮಾಸ್ತರ, ಸ್ವಲ್ಪ ನೋಡೂಣು."